ಕೇಳದೆ ಹೊತ್ತೊಯ್ದವರ ಸಮಜಾಯಿಷಿ

ರೋಮ್ ನಗರ ಕಟ್ಟಿದ ರೊಮುಲಸ್‌ಗೆ ಒಂದು ಚಿಂತೆ ಹತ್ತಿತು. ಊರು ತುಂಬ ಗಂಡಸರು, ಹೆಂಗಸರಿಲ್ಲ. ನೆರೆಯ ಊರುಗಳಿಗೆ ಹೆಣ್ಣು ಕೇಳಲು ದೂತರನ್ನು ಕಳಿಸಿದ, ಯಾರೂ ಕೊಡಲಿಲ್ಲ. ಆಗ ಹಬ್ಬವೊಂದರ ನೆಪ ಮಾಡಿ ನೆರೆಯ ಸೇಬೈನ್ ಜನರನ್ನು ಸಂಸಾರ ಸಮೇತ ಕರೆಸಿಕೊಂಡ. ಅತಿಥಿಗಳು ಆಟ ನೋಡುವುದರಲ್ಲಿ ಮೈಮರೆತಿದ್ದಾಗ ಸನ್ನೆ ಕೊಟ್ಟ. ರೋಮಿನ ಯುವಕರು ಕನ್ಯೆಯರನ್ನು ಹೊತ್ತೊಯ್ದರು.

ಇತಿಹಾಸಕಾರ ಲಿವಿ ಹೇಳುವ ಈ ಐತಿಹ್ಯದಲ್ಲಿ ನನ್ನನ್ನು ಕಾಡುವುದು ಅಪಹರಣಕ್ಕಿಂತ ಅದರ ಮರುಗಳಿಗೆ. ರೊಮುಲಸ್ ಆ ಹೆಣ್ಣುಮಕ್ಕಳ ಬಳಿಗೆ ಹೋಗಿ ಸಮಾಧಾನ ಮಾಡುತ್ತಾನೆ: ತಪ್ಪೆಲ್ಲ ಹೆಣ್ಣು ಕೊಡಲೊಪ್ಪದ ನಿಮ್ಮ ಅಪ್ಪಂದಿರ ಸೊಕ್ಕಿನದು, ಇನ್ನು ನಿಮಗೆ ಗಂಡ, ಆಸ್ತಿಯಲ್ಲಿ ಪಾಲು, ಪೌರತ್ವ ಎಲ್ಲವೂ ಉಂಟು. ನಿಮಗೆ ಒಪ್ಪಿಗೆಯೇ ಎಂದು ಮಾತ್ರ ಕೇಳುವುದಿಲ್ಲ.

ಕಲಾವಿದರೂ ಬಹುಕಾಲ ಕೇಳಲಿಲ್ಲ. ಫ್ಲಾರೆನ್ಸ್‌ನಲ್ಲಿ ಶಿಲ್ಪಿ ಜಾಂಬೊಲೋನ್ಯ ಒಂದೇ ಅಮೃತಶಿಲೆಯಲ್ಲಿ ಮೂರು ಆಕೃತಿ ಕಡೆದ: ಹೆಣ್ಣನ್ನು ಎತ್ತಿ ಹಿಡಿದ ಯುವಕ, ಕೈ ಮೇಲೆ ಚಾಚಿ ಕೊಸರಾಡುವ ಅವಳು, ಅಡಿಯಲ್ಲಿ ಕುಗ್ಗಿ ಕೂತ ಮುದುಕ. ಕಡೆಯುವಾಗ ಅವನ ಮನಸ್ಸಿನಲ್ಲಿ ಯಾವ ಕಥೆಯೂ ಇರಲಿಲ್ಲ. ಕೈಚಳಕ ತೋರಿಸುವುದೇ ಉದ್ದೇಶ. 1583ರಲ್ಲಿ ಶಿಲ್ಪ ಊರಿನ ಮಂಟಪಕ್ಕೇರುವ ಹೊತ್ತಿಗೆ, ಬೇರೆಯವರ ಸಲಹೆಯಂತೆ ಸೇಬೈನ್ ಅಪಹರಣದ ಹೆಸರು ಅಂಟಿತು. ಅವಳ ಸಂಕಟ ಯಾರದಾದರೂ ಆಗಬಹುದಿತ್ತು!

ಲಿವಿಯ ಕಥೆ ಅಪಹರಣಕ್ಕೇ ಮುಗಿಯುವುದಿಲ್ಲ. ಸೇಬೈನ್ ದೊರೆ ಟೇಷಿಯಸ್ ದಂಡೆತ್ತಿ ಬಂದಾಗ, ಅದೇ ಹೆಂಗಸರು ಕೂದಲು ಕೆದರಿಕೊಂಡು ಆಯುಧಗಳ ನಡುವೆ ನುಗ್ಗಿದರು. ಒಂದು ಕಡೆ ಅಪ್ಪ, ಇನ್ನೊಂದು ಕಡೆ ಗಂಡ. ಯಾರು ಸತ್ತರೂ ಅಳಬೇಕಾದವರು ಅವರೇ. ಯುದ್ಧ ನಿಂತಿತು, ಎರಡೂ ಜನಾಂಗಗಳು ಒಂದಾದವು. ಫ್ರಾನ್ಸಿನ ಕ್ರಾಂತಿಯ ರಕ್ತಪಾತ ಕಂಡು, ಸೆರೆಮನೆಯನ್ನೂ ಕಂಡುಬಂದ ಚಿತ್ರಕಾರ ದಾವಿದ್ ಆರಿಸಿಕೊಂಡದ್ದು ಈ ಗಳಿಗೆಯನ್ನು. 1799ರ ಅವನ ಚಿತ್ರದಲ್ಲಿ ರೊಮುಲಸ್‌ನ ಹೆಂಡತಿ, ಬಿಳಿಯುಡುಗೆಯ ಹೆರ್ಸಿಲಿಯಾ ಎರಡೂ ತೋಳು ಚಾಚಿ ಇಬ್ಬರು ಯೋಧರ ನಡುವೆ ನಿಂತಿದ್ದಾಳೆ. ಕಾಲ ಬಳಿ ಎಳೆಯ ಕೂಸುಗಳು.

ರೋಮನ್ನು ಉಳಿಸಿದ್ದು ಆ ಹೆಂಗಸರ ಧೈರ್ಯ. ಅದನ್ನು ಅಪಹರಣದ ಫಲವೆಂದು ಲೆಕ್ಕ ಬರೆಯಬಾರದು. ಬಲವಂತದ ಮದುವೆಗೆ 'ಕೊನೆಗೆ ಎಲ್ಲ ಸರಿಹೋಯಿತಲ್ಲ' ಎಂದು ಇಂದಿಗೂ ಸಮಜಾಯಿಷಿ ಕೊಡುವವರಿದ್ದಾರೆ. ಸರಿಪಡಿಸಿದವಳು ಹೆಣ್ಣು, ಅದರಿಂದ ಹೊತ್ತೊಯ್ದವನ ತಪ್ಪು ತಪ್ಪಲ್ಲದೆ ಹೋಗುವುದಿಲ್ಲ.