ಆರೋನ ಆಗಲೇ ದಾರಿಯಲ್ಲಿದ್ದ



ಬೇಸಿಗೆ ರಜೆಯ ಯುವ ಶಿಬಿರಕ್ಕೆ ಸ್ವಯಂಸೇವಕರು ಬೇಕೆಂದು ಬಲಿಪೂಜೆಯ ಕೊನೆಯಲ್ಲಿ ಪ್ರಕಟಿಸಿದಾಗ, ನಮ್ಮ ಕನ್ನಡ ಮನೆಗಳ ಎಷ್ಟೋ ಮಕ್ಕಳು ತಲೆ ತಗ್ಗಿಸಿ ಕುಳಿತುಬಿಡುತ್ತಾರೆ. ಅವರಿಗೆ ಸೇವೆ ಮಾಡುವ ಮನಸ್ಸಿಲ್ಲವೆಂದಲ್ಲ. ‘ಅಲ್ಲಿ ನನಗೆ ಯಾರೂ ಪರಿಚಯವಿಲ್ಲ, ನನ್ನ ತೆಲುಗು ಸರಿಯಿಲ್ಲ, ತಪ್ಪು ಮಾತಾಡಿದರೆ ನಗುತ್ತಾರೆ’ ಎಂಬ ಅಳುಕು. ಒಂದು ವರ್ಷ ಹಿಂದೆ ಸರಿದವರು ಮರುವರ್ಷವೂ ಸರಿಯುತ್ತಾರೆ. ಕ್ರಮೇಣ ದೇವಾಲಯದ ಹಿಂಬಾಗಿಲ ಬಳಿ ನಿಂತು ಪೂಜೆ ಮುಗಿದೊಡನೆ ಹೊರಡುವುದೇ ಅಭ್ಯಾಸವಾಗುತ್ತದೆ. ಆದುದರಿಂದ ಈ ಅಳುಕನ್ನು ಸಣ್ಣದೆಂದು ತಳ್ಳಿಹಾಕದೆ, ದೇವರ ವಾಕ್ಯದ ಬೆಳಕಿನಲ್ಲಿ ನೋಡೋಣ.

ವಿಮೋಚನಾಕಾಂಡದ 4ನೇ ಅಧ್ಯಾಯದಲ್ಲಿ ಮೋಶೆಗೆ ಕಾಡಿದ್ದೂ ಇದೇ ಅಂಜಿಕೆ. ತಾನು ಮಾತುಗಾರನಲ್ಲ, ತನ್ನ ನಾಲಿಗೆ ಮಂದ, ಬೇರೆ ಯಾರನ್ನಾದರೂ ಕಳುಹಿಸಬೇಕು ಎಂದು ಅವನು ದೇವರನ್ನು ಬೇಡಿಕೊಂಡ. ಸರ್ವೇಶ್ವರ ಸ್ವಾಮಿ ಆ ನಾಲಿಗೆಯನ್ನು ಅಲ್ಲಿಯೇ ಸರಿಪಡಿಸಿದರೆಂದು ಬರೆದಿಲ್ಲ. ಭಯ ಹೋದ ಮೇಲೆ ಹೊರಡು ಎಂದೂ ಅವರು ಹೇಳಲಿಲ್ಲ. ತಾವೇ ಜೊತೆಗಿರುವುದಾಗಿ ಮಾತು ಕೊಟ್ಟರು, ಅಣ್ಣ ಆರೋನನನ್ನು ಜೊತೆ ಮಾಡಿದರು. ಒಂದು ವಿಷಯ ಗಮನಿಸಿ: ಮೋಶೆ ಇನ್ನೂ ನೆಪ ಹೇಳುತ್ತಿರುವಾಗಲೇ ಆರೋನನು ತಮ್ಮನನ್ನು ಎದುರುಗೊಳ್ಳಲು ಹೊರಟಾಗಿತ್ತು! ಯೇಸುಸ್ವಾಮಿ ಕೂಡ ಶಿಷ್ಯರನ್ನು ಇಬ್ಬಿಬ್ಬರಾಗಿ ಕಳುಹಿಸಿದರು (ಮಾರ್ಕ 6:7). ಅಂಜಿಕೆ ಇರುವುದರಿಂದ ನಾವು ಅಯೋಗ್ಯರಾಗುವುದಿಲ್ಲ. ಅಂಜುವವರಿಗೆ ದೇವರು ಜೊತೆಗಾರರನ್ನು ಕೊಡುತ್ತಾರೆ.

ಸಂತ ಫ್ರಾನ್ಸಿಸ್ ಕ್ಸೇವಿಯರ್ ಅವರನ್ನು ನೆನೆಯಿರಿ. 1542ರಲ್ಲಿ ಅವರು ತಮಿಳು ಕರಾವಳಿಯ ಮುತ್ತು ತೆಗೆಯುವವರ ಬಳಿಗೆ ಹೋದಾಗ ಅವರಿಗೆ ಆ ಜನರ ಭಾಷೆ ಬರುತ್ತಿರಲಿಲ್ಲ. ಅವರ ತಾಯ್ನುಡಿ ಬಾಸ್ಕ್. ಎರಡು ಭಾಷೆ ಬಲ್ಲವರನ್ನು ಕೂಡಿಸಿಕೊಂಡು, ಬಹಳ ಕಷ್ಟಪಟ್ಟು ಪ್ರಾರ್ಥನೆಗಳನ್ನು ತಮಿಳಿಗೆ ತಂದರು, ಬಾಯಿಪಾಠ ಮಾಡಿದರು. ಬಳಿಕ ಕೈಯಲ್ಲಿ ಗಂಟೆ ಹಿಡಿದು ಬೀದಿಯಲ್ಲಿ ನಡೆದು ಮಕ್ಕಳನ್ನು ಕರೆದರು. ಇಂದು ಗೋವಾದ ಬಾಂ ಜೀಸಸ್ ಬೆಸಿಲಿಕಾದಲ್ಲಿ ನಾವು ದರ್ಶನ ಪಡೆಯುವ ಆ ಮಹಾಸಂತರು ಹೊಸ ಊರಿನಲ್ಲಿ ಹೀಗೆ, ಬೇರೆಯವರ ನೆರವಿನಿಂದಲೇ ಸೇವೆ ಆರಂಭಿಸಿದರು.

ನಮ್ಮ ಕಥೆಯೂ ಎರಡು ಭಾಷೆಗಳದ್ದೇ. 1956ರ ನವೆಂಬರ್ 1ರಂದು ರಾಜ್ಯಗಳು ಪುನರ್ರಚನೆಯಾಗುವವರೆಗೆ ತಾಂಡೂರು ಗುಲ್ಬರ್ಗ ಜಿಲ್ಲೆಯಲ್ಲಿತ್ತು. ಜಹೀರಾಬಾದ್ ಮತ್ತು ನಾರಾಯಣಖೇಡ ಬೀದರ್ ಜಿಲ್ಲೆಯಲ್ಲಿದ್ದವು. ಗಡಿ ಬದಲಾಯಿತು, ಮನೆಯ ಮಾತು ಉಳಿಯಿತು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತೆಲುಗು ಆಡುವುದು ನಾಚಿಕೆಯ ಸಂಗತಿಯಲ್ಲ. ಶಿಬಿರಕ್ಕೆ ಬರುವ ಚಿಕ್ಕವರಲ್ಲಿ ತೆಲುಗು ಬೋಧನೆ ಪೂರ್ತಿ ಅರ್ಥವಾಗದೆ ಮೂಲೆಯಲ್ಲಿ ಕುಳಿತ ಕನ್ನಡದ ಮಗು ಇರಬಹುದು. ‘ಏನು ಪುಟ್ಟಾ, ಊಟ ಆಯಿತಾ?’ ಎಂದು ಕೇಳಲು ನಿಮ್ಮಷ್ಟು ತಕ್ಕವರು ಯಾರು? ನೀವು ಬಾರದಿದ್ದರೆ ಆ ಮಗು ಮೂರು ದಿನವೂ ಮೂಲೆಯಲ್ಲೇ ಇರುತ್ತದೆ.

ಹೊಸದಾಗಿ ಬರುವವರು ಮೊದಲ ದಿನವೇ ವೇದಿಕೆ ಹತ್ತಬೇಕಾಗಿಲ್ಲ. ಜಮಖಾನ ಹಾಸಿ, ಕುಡಿಯುವ ನೀರು ತುಂಬಿಸಿ, ಊಟ ಬಡಿಸಿ. ಕೈಗೆ ಕೆಲಸ ಸಿಕ್ಕಿದಾಗ ಎದೆಬಡಿತ ತಾನಾಗಿ ತಗ್ಗುತ್ತದೆ. ಮೊದಲ ಸಂಜೆಯೊಳಗೆ ಐದು ಮಕ್ಕಳ ಹೆಸರು ಕಲಿಯಿರಿ. ತಿಳಿಯದ್ದನ್ನು ಗುರುಗಳನ್ನೋ ಸಿಸ್ಟರ್ ಅವರನ್ನೋ ಕೇಳಿ. ಮಕ್ಕಳ ಜವಾಬ್ದಾರಿಯನ್ನು ಒಬ್ಬರೇ ಹೊರಬೇಡಿ, ಸದಾ ಒಬ್ಬ ಜೊತೆಗಾರರೊಂದಿಗಿರಿ. ರಾತ್ರಿ ಮಲಗುವ ಮುನ್ನ ಆ ದಿನದ ಅಂಜಿಕೆಯನ್ನು ಇದ್ದಂತೆಯೇ ಯೇಸುಸ್ವಾಮಿಗೆ ಹೇಳಿಬಿಡಿ.

ಹಳಬರಿಗೂ ಒಂದು ಮಾತು. ಆರೋನನು ತಮ್ಮನು ಬಂದು ಸೇರಲೆಂದು ಮನೆಯಲ್ಲೇ ಕಾಯಲಿಲ್ಲ, ತಾನೇ ಎದ್ದು ಹೋದ. ಹೊಸಬರು ಬಾಗಿಲಲ್ಲಿ ಹಿಂಜರಿದು ನಿಂತಾಗ ನೀವೇ ಹೋಗಿ ಕರೆಯಿರಿ. ಅವರ ತೆಲುಗು ತಪ್ಪಿದರೆ ನಗಬೇಡಿ, ಸರಿಯಾದ ಪದ ಹೇಳಿಕೊಡಿ. ತಂದೆತಾಯಂದಿರೇ, ‘ನಿನಗೇಕೆ ಅದೆಲ್ಲ?’ ಎನ್ನದೆ ಮಕ್ಕಳನ್ನು ಆಶೀರ್ವದಿಸಿ ಕಳುಹಿಸಿರಿ.

ದೇವದೂತರ ಮಾತು ಕೇಳಿ ಕಳವಳಗೊಂಡರೂ ದೇವರ ಚಿತ್ತಕ್ಕೆ ಒಪ್ಪಿಕೊಂಡ ಮಾತೆ ಮರಿಯಮ್ಮನವರು ನಮ್ಮ ಯುವಜನರಿಗಾಗಿ ಪ್ರಾರ್ಥಿಸಲಿ. ಪವಿತ್ರಾತ್ಮರು ಅವರ ನಾಲಿಗೆಗೂ ಕೈಗಳಿಗೂ ಬಲ ನೀಡಲಿ. ಆಮೆನ್.