ನೃತ್ತಕ್ಕೆ ಪ್ರಯೋಜನವೇನು?

ಮಕ್ಕಳಿಗೆ ನರ್ತನವನ್ನು ಕಲಿಸುವುದರಿಂದ ಪ್ರಯೋಜನವೇನೆಂದು ಕೇಳುವ ಗೃಹಸ್ಥರು ಈಗಲೂ ಉಂಟು. ಪ್ರಶ್ನೆಯು ಹೊಸದಲ್ಲ. ಭರತಮುನಿಯ ನಾಟ್ಯಶಾಸ್ತ್ರದ ನಾಲ್ಕನೆಯ ಅಧ್ಯಾಯದಲ್ಲಿ 108 ಕರಣಗಳು ನಿರೂಪಿತವಾದ ಮೇಲೆ, ಅರ್ಥವನ್ನು ತಿಳಿಸದ ನೃತ್ತವು ಏತಕ್ಕೆಂದು ಋಷಿಗಳೇ ಶಂಕಿಸಿರುವರು. ನೃತ್ತವು ಪ್ರಯೋಜನವನ್ನು ಅಪೇಕ್ಷಿಸದು, ಶೋಭೆಯನ್ನುಂಟುಮಾಡುವುದು, ಲೋಕಕ್ಕೆ ಸ್ವಭಾವತಃ ಪ್ರಿಯವಾದುದು ಎಂಬುದೇ ಅಲ್ಲಿಯ ಸಮಾಧಾನ.

ಹಾಗೆಂದು ಲಾಭವಿಲ್ಲದಿಲ್ಲ. ಅರಮಂಡಿಯಲ್ಲಿ ನಿಂತು ಅಡವುಗಳನ್ನು ಸಾಧಿಸುವವರಿಗೆ ತೊಡೆಗಳು ಬಲಿಯುವುವು; ತಾಳದೊಡನೆ ಹೆಜ್ಜೆಯು ಕೂಡಿದಾಗ ಚಿತ್ತವು ಚಿಂತೆಯನ್ನು ಬಿಡುವುದು. ಅಮೆರಿಕದಲ್ಲಿ 75 ವರ್ಷ ಮೀರಿದ 469 ಮಂದಿಯನ್ನು ಕುರಿತು 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ನರ್ತಿಸುತ್ತಿದ್ದವರಿಗೆ ಮರೆವಿನ ರೋಗವು ಕಡಮೆಯಾಗಿ ಕಂಡಿತು. ನರ್ತನವೇ ಅದಕ್ಕೆ ಕಾರಣವೆಂದು ಇದರಿಂದ ಸಿದ್ಧವಾಗದು.

ಆದರೆ ಲಾಭಕ್ಕಾಗಿಯೇ ಕುಣಿಯುವವರಿಗೆ ಕುಣಿತವು ಕಷಾಯದಂತಾದೀತು. ನಾನು ನನ್ನ ಮಗಳಿಗೆ ಅಮರಕೋಶವನ್ನು ಹೇಳಿಕೊಟ್ಟು, ಕುಣಿತವನ್ನು ನಿಷ್ಪ್ರಯೋಜನವೆಂದು ಬಿಡಿಸಿದೆನು. ಈಗ ಅವಳ ಮಗಳು ಅಭ್ಯಾಸ ಮಾಡುವಾಗ, ಅವಳು ಅಡಿಗೆಮನೆಯಲ್ಲಿ ಯಾರೂ ಕಾಣದಂತೆ ಹೆಜ್ಜೆ ಹಾಕುವುದನ್ನು ನೋಡಿರುವೆನು. ಋಷಿಗಳ ಶಂಕೆಯು ನನಗೆ ಕಂಠಪಾಠವಾಗಿತ್ತು. ಸಮಾಧಾನವು ಮನಸ್ಸಿಗೆ ಹತ್ತಿರಲಿಲ್ಲ. ಮಕ್ಕಳ ಸಂತೋಷಕ್ಕೆ ಪ್ರಯೋಜನವನ್ನು ಕೇಳುವ ತಂದೆತಾಯಿಗಳು ಇದನ್ನು ವಿಚಾರಿಸಬೇಕೆಂದು ನನ್ನ ಬಿನ್ನಹ.