ಕಾಣದ್ದು ಮತ್ತು ಇಲ್ಲದ್ದು

ಮನೆಯ ಯಜಮಾನರು “ಕನ್ನಡಕ ಎಲ್ಲೂ ಇಲ್ಲ” ಎಂದು ಗದ್ದಲವೆಬ್ಬಿಸುತ್ತಾರೆ. ಅದು ಅವರ ಹಣೆಯ ಮೇಲೆಯೇ ಇರುತ್ತದೆ. ‘ಕಾಣಲಿಲ್ಲ’ ಎನ್ನಬೇಕಾದಲ್ಲಿ ‘ಇಲ್ಲ’ ಎಂದುಬಿಡುವುದು ನಮ್ಮೆಲ್ಲರ ಅಭ್ಯಾಸ.

1970ರ ದಶಕದಲ್ಲಿ ಎಸ್‌ಎಎಸ್-2 ಎಂಬ ಉಪಗ್ರಹವು ಮಿಥುನ ರಾಶಿಯ ಕಡೆಯಿಂದ ಪ್ರಬಲ ಗಾಮಾ ಕಿರಣಗಳು ಬರುತ್ತಿರುವುದನ್ನು ಗುರುತಿಸಿತು. ಅವುಗಳ ಮೂಲ ಯಾವುದೆಂದು ಬಹುಕಾಲ ತಿಳಿಯಲಿಲ್ಲ. ಇಟಲಿಯ ವಿಜ್ಞಾನಿಗಳು ಅದನ್ನು ‘ಜೆಮಿಂಗಾ’ ಎಂದು ಕರೆದರು. ಮಿಲಾನಿನ ಆಡುನುಡಿಯಲ್ಲಿ ಆ ಉಚ್ಚಾರಕ್ಕೆ ‘ಅಲ್ಲಿಲ್ಲ’ ಎಂಬ ಅರ್ಥವೂ ಬರುತ್ತದೆ. 1992ರಲ್ಲಿ ರೋಸಾಟ್ ಉಪಗ್ರಹದ ಎಕ್ಸ್-ಕಿರಣ ಮಾಪನಗಳಲ್ಲಿ 0.237 ಸೆಕೆಂಡಿಗೊಮ್ಮೆ ಮಿಡಿಯುವ ನಾಡಿ ಸಿಕ್ಕಿತು. ಹಳೆಯ ಗಾಮಾ ದಾಖಲೆಗಳನ್ನು ತೆಗೆದು ನೋಡಿದರೆ ಅವುಗಳಲ್ಲೂ ಅದೇ ತಾಳ! ಅದೊಂದು ಪಲ್ಸಾರ್, ಎಂದರೆ ಗಿರಗಿರನೆ ತಿರುಗುವ ನ್ಯೂಟ್ರಾನ್ ನಕ್ಷತ್ರ.

ಪಲ್ಸಾರುಗಳೆಲ್ಲ ಒಂದೇ ಬಗೆಯವಲ್ಲ. ಕ್ರ್ಯಾಬ್ ನೆಬ್ಯುಲದ ಪಲ್ಸಾರ್ ರೇಡಿಯೋ ಅಲೆಯಿಂದ ಗಾಮಾ ಕಿರಣದವರೆಗೆ ಎಲ್ಲದರಲ್ಲೂ ಮಿಡಿಯುತ್ತದೆ. ಜೆಮಿಂಗಾ ರೇಡಿಯೋದಲ್ಲಿ ಬಹುಮಟ್ಟಿಗೆ ಮೌನಿ. ಅದರ ರೇಡಿಯೋ ಕಿರಣದ ಕಿರಿದಾದ ಕಂತೆ ಭೂಮಿಯನ್ನು ತಪ್ಪಿಸಿ ಹೋಗುತ್ತದೆ, ಅಗಲವಾದ ಗಾಮಾ ಕಂತೆ ಮಾತ್ರ ನಮ್ಮನ್ನು ಮುಟ್ಟುತ್ತದೆ ಎಂಬುದು ಪ್ರಚಲಿತ ವಿವರಣೆ. 2008ರಲ್ಲಿ ಹಾರಿದ ಫರ್ಮಿ ದೂರದರ್ಶಕವು ಇಂಥ ಹಲವು ಮೌನಿಗಳನ್ನು ಪತ್ತೆಮಾಡಿದೆ.

ಕುಮಾರಿಲಭಟ್ಟರ ಪಂಥದ ಮೀಮಾಂಸಕರು ‘ಅನುಪಲಬ್ಧಿ’ಯನ್ನೂ ಒಂದು ಪ್ರಮಾಣವೆಂದು ಒಪ್ಪಿದ್ದಾರೆ. ನೆಲದ ಮೇಲೆ ಗಡಿಗೆ ಕಾಣದಿದ್ದರೆ ಅಲ್ಲಿ ಗಡಿಗೆ ಇಲ್ಲವೆಂದೇ ತಿಳಿಯಬೇಕು. ಆದರೆ ಒಂದು ಕಟ್ಟಳೆ: ಇದ್ದಿದ್ದರೆ ಅದು ಕಾಣಲೇಬೇಕಾಗಿತ್ತು ಎಂಬ ಸ್ಥಿತಿ ಇರಬೇಕು. ಕತ್ತಲೆಯ ಕೋಣೆಯಲ್ಲಿ ಗಡಿಗೆ ಕಾಣಲಿಲ್ಲವೆಂಬುದು ಯಾವುದಕ್ಕೂ ಪ್ರಮಾಣವಾಗದು.

ಹಾಗಾದರೆ ಕಾಣದ ದೆವ್ವಗಳನ್ನೂ ಒಪ್ಪಬೇಕೇ ಎಂದು ಓದುಗರು ಕೇಳಬಹುದು. ಬೇಡ. ಜೆಮಿಂಗಾಕ್ಕೆ ಪಲ್ಸಾರ್ ಎಂಬ ಪಟ್ಟವನ್ನು ಯಾರೂ ದಾಕ್ಷಿಣ್ಯದಿಂದ ಕಟ್ಟಲಿಲ್ಲ. ನಾಡಿ ಸಿಕ್ಕಿದ ಮೇಲೆಯೇ ಕಟ್ಟಿದರು. ಅಲ್ಲಿಯವರೆಗೆ ‘ಗೊತ್ತಿಲ್ಲ’ ಎಂದುಕೊಂಡು ಹುಡುಕಿದರು.

ಮನುಷ್ಯರ ವಿಷಯದಲ್ಲಿ ನಮಗೆ ಇಷ್ಟು ತಾಳ್ಮೆ ಎಲ್ಲಿದೆ? ಅತ್ತೆ ತೀರಿಕೊಂಡ ದಿನ ಸೊಸೆ ಕಣ್ಣೀರಿಡಲಿಲ್ಲ. “ಅವಳಿಗೆ ಕರುಳೇ ಇಲ್ಲ” ಎಂದು ಬಂದವರು ತೀರ್ಪು ಕೊಟ್ಟು, ಮನೆಗೆ ಹೋಗಿ ಸ್ನಾನ ಮಾಡುತ್ತಾರೆ. ಆ ಮಾತು ಅವಳ ಬೆನ್ನಿಗೆ ಜನ್ಮವೆಲ್ಲ ಅಂಟಿಕೊಳ್ಳುತ್ತದೆ. ಅವಳಿಗೆ ದುಃಖವಿತ್ತೆಂದು ನಾವು ಕಲ್ಪಿಸಿಕೊಂಡು ಹೊಗಳಬೇಕಾಗಿಲ್ಲ. ಆದರೆ ಇಲ್ಲವೆನ್ನುವ ಮೊದಲು, ‘ಇದ್ದಿದ್ದರೆ ನಾನು ನಿಂತಿದ್ದ ಜಾಗಕ್ಕೆ ಅದು ಕಾಣುತ್ತಿತ್ತೇ?’ ಎಂದು ಕೇಳಿಕೊಳ್ಳುವ ಋಣ ನಮ್ಮ ಮೇಲಿದೆ.